ಸೈಟು ಮಾರಿದ್ದು ಕಂಪನಿ, ಸಹಿ ಮಾಡಿದ್ದು ಯಾರು?

ಸೈಟು ಮಾರಿ ಮೋಸ ಮಾಡಿದ ಬಡಾವಣೆ ಕಂಪನಿಯ ಮೇಲಿನ ನಮ್ಮ ದೂರಿನ ಮೊದಲ ಕರಡಿನಲ್ಲಿ ಎದುರುದಾರರ ಜಾಗದಲ್ಲಿ ಇದ್ದದ್ದು ಒಂದೇ ಹೆಸರು, ಕಂಪನಿಯದು. ಅದರ ಕೆಳಗೆ ‘ವ್ಯವಸ್ಥಾಪಕ ನಿರ್ದೇಶಕರ ಮೂಲಕ’ ಎಂಬ ಸಾಲು. ಬಳ್ಳಾರಿ ಕೋರ್ಟಿನ ಸುತ್ತಮುತ್ತ ಟೈಪಾಗುವ ದೂರುಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ, ಯಾರಿಗೂ ತಪ್ಪೆಂದು ಅನ್ನಿಸುವುದಿಲ್ಲ. ಆದರೆ ‘ಮೂಲಕ’ ಎಂಬ ಆ ಮೂರಕ್ಷರದ ಅರ್ಥ ನೋಟಿಸು ಅವರ ಕೈಗೆ ಹೋಗಲಿ ಎಂದಷ್ಟೇ, ಹಣ ಅವರು ಕಟ್ಟಲಿ ಎಂದಲ್ಲ. ಆದೇಶ ಬರುವ ಹೊತ್ತಿಗೆ ಕಂಪನಿಯ ಹೆಸರಿನಲ್ಲಿ ಉಳಿದಿರುವುದು ಒಂದು ಬಾಡಿಗೆ ಆಫೀಸು, ನಾಲ್ಕು ಕುರ್ಚಿ, ಗೋಡೆಗೆ ಅಂಟಿಸಿದ ಬಣ್ಣದ ನಕ್ಷೆ. ನಿರ್ದೇಶಕರ ಮನೆ, ಕಾರು, ತೋಟ ಎಲ್ಲ ಅವರವರ ಹೆಸರಿನಲ್ಲಿ ಭದ್ರ.

ಆ ಕರಡು ಹರಿದು ಹಾಕಲು ಕಾರಣವಾದದ್ದು ಅನ್ಸಲ್ ಕ್ರೌನ್ ಪ್ರಕರಣ, ಆ ಹೆಸರಿನ ಬಿಲ್ಡರ್ ಕಂಪನಿಯ ಮೇಲೆ ಫ್ಲ್ಯಾಟ್ ಕೊಂಡವರು ಹೂಡಿದ್ದು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಅಲ್ಲಿಯ ತಡೆ ನಿರ್ದೇಶಕರಿಗೆ ಕೊಡೆ ಹಿಡಿಯುವುದಿಲ್ಲ ಎಂದಿತು. ಕೊಂಡವರಿಗೆ ಜೀವ ಬಂದಂತಾಯಿತು. ಅದೇ ವ್ಯಾಜ್ಯ ಮತ್ತೆ ಮೇಲೆ ಹೋದಾಗ, 2025ರಲ್ಲಿ, ಬಂದ ಉತ್ತರ ಬೇರೆ: ಮೂಲ ಆದೇಶದಲ್ಲಿ ನಿರ್ದೇಶಕರ ಮೇಲೆ ಹೊಣೆ ಹೊರಿಸಿದ ತೀರ್ಮಾನವೇ ಇಲ್ಲದಿದ್ದರೆ ಅಮಲ್ಜಾರಿಯ ಹಂತದಲ್ಲಿ ಅವರನ್ನು ಹೊಸದಾಗಿ ಹಿಡಿಯಲಾಗದು. ಎರಡನ್ನೂ ಒಟ್ಟಿಗೆ ಓದಿದರೆ ಒಂದೇ ಮಾತು ಉಳಿಯುತ್ತದೆ. ನಿರ್ದೇಶಕರನ್ನು ಕೊನೆಗೆ ಹುಡುಕಿಕೊಂಡು ಹೋಗುವುದಲ್ಲ; ದೂರು ಬರೆಯುವ ಮೊದಲೇ ಕಾಗದಗಳಲ್ಲಿ ಹುಡುಕಬೇಕು. ಅವರ ಸಹಿ ಎಲ್ಲೆಲ್ಲಿದೆ, ಅವರ ಖಾತೆಗೆ ಎಷ್ಟು ಬಿದ್ದಿದೆ, ಸುಳ್ಳೆಂದು ಗೊತ್ತಿದ್ದೂ ಯಾವ ತಾರೀಕಿನಲ್ಲಿ ಮಾತು ಕೊಟ್ಟರು.

ಹುಡುಕಾಟ ಶುರುವಾದದ್ದು ಬ್ರೋಷರ್‌ನಿಂದ. ಜನ ಅದನ್ನು ಕಸಕ್ಕೆ ಹಾಕುತ್ತಾರೆ, ಕ್ರಯದ ಕರಾರನ್ನು ಮಾತ್ರ ಬೀರುವಿನಲ್ಲಿ ಇಡುತ್ತಾರೆ. ವಾಸ್ತವದಲ್ಲಿ ಸುಳ್ಳು ಇರುವುದು ಬ್ರೋಷರ್‌ನಲ್ಲೇ. ಕರಾರನ್ನು ವಕೀಲರು ಜಾಣತನದಿಂದ ಬರೆದಿರುತ್ತಾರೆ. ರೇರಾ ಕಾಯ್ದೆಯ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) 12ನೇ ಕಲಂ ನೇರವಾಗಿ ಇದಕ್ಕೇ ಇದೆ: ಜಾಹೀರಾತಿನ ಅಥವಾ ಪ್ರಾಸ್ಪೆಕ್ಟಸ್‌ನ ಸುಳ್ಳು ಮಾತು ನಂಬಿ ಹಣ ಕಟ್ಟಿ ನಷ್ಟ ಹೊಂದಿದವರಿಗೆ ಪರಿಹಾರ, ಯೋಜನೆಯಿಂದ ಹೊರಬರುತ್ತೇವೆ ಎಂದರೆ ಪೂರ್ತಿ ಹಣ, ಬಡ್ಡಿ, ಜೊತೆಗೆ ಪರಿಹಾರ. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಅದೂ ಒಂದು ಸಾಕ್ಷಿ. ಜಮೀನು 500 ಚದರ ಮೀಟರ್ ಮೀರಿದ್ದರೆ ನೋಂದಣಿ ಇಲ್ಲದೆ ಒಂದು ಸೈಟನ್ನೂ ಮಾರುವಂತಿಲ್ಲ, ಮಾರುತ್ತೇವೆ ಎಂದು ಜಾಹೀರಾತು ಕೊಡುವಂತೆಯೂ ಇಲ್ಲ.

‘ಬುಡಾ ಅಪ್ರೂವ್ಡ್’, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆ ಎಂಬ ಮಾತನ್ನು ಬಿಡಿಸಿ ನೋಡಬೇಕು. ತಾತ್ಕಾಲಿಕ ಅನುಮೋದನೆ ಸಿಕ್ಕ ದಿನವೇ ಫ್ಲೆಕ್ಸ್ ಕಟ್ಟಿ ಮಾರಾಟ ಶುರು ಮಾಡುತ್ತಾರೆ. ರಸ್ತೆ, ಚರಂಡಿ, ನೀರು, ಕರೆಂಟು ಮುಗಿದು ಸೈಟು ಬಿಡುಗಡೆ ಆಗುವುದು ಬೇರೆಯೇ ಹಂತ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿಯ ಆಸ್ತಿ ದಾಖಲೆ ವ್ಯವಸ್ಥೆ) ನಮೂನೆ 11ಬಿ ತೋರಿಸಿ ‘ಖಾತಾ ಆಗಿದೆ’ ಅನ್ನುತ್ತಾರೆ. 11ಬಿ ಇದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಇದೆ ಎಂದಲ್ಲ. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ನಾವು ಕೇಳಿದ್ದು ಮೂರು: ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಅನುಮೋದನೆಗೆ ಅರ್ಜಿ ಹಾಕಿದವರ ಹೆಸರು ಮತ್ತು ಸಹಿ, ಪ್ರಾಧಿಕಾರ ಕಳಿಸಿದ ಎಲ್ಲ ಆಕ್ಷೇಪಣಾ ಪತ್ರಗಳು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ‘ಈ ಸರ್ವೆ ನಂಬರಿನಲ್ಲಿ ಇಂಥ ಲೋಪವಿದೆ, ಸರಿಪಡಿಸಿ’ ಎಂಬ ಪತ್ರ ನಿರ್ದೇಶಕರ ಕೈ ಸೇರಿದ ತಾರೀಕು, ಆಮೇಲೂ ಅವರು ಹಣ ಪಡೆದ ರಸೀದಿಯ ತಾರೀಕು, ಇವೆರಡನ್ನು ಅಕ್ಕಪಕ್ಕ ಇಟ್ಟಾಗಲೇ ಅದು ಮೋಸ ಅನ್ನಿಸಿಕೊಳ್ಳುವುದು. ಇಲ್ಲವಾದರೆ ‘ತಡವಾಯಿತು, ಮಾಡಿಕೊಡುತ್ತೇವೆ’ ಎಂಬ ಸಮಜಾಯಿಷಿ ನಡೆದುಬಿಡುತ್ತದೆ.

ನಕ್ಷೆ ಕೈಗೆ ಬಂದ ಮೇಲೆ ಬ್ರೋಷರ್‌ನ ನಕ್ಷೆಯನ್ನು ಅದರ ಪಕ್ಕ ಹಾಸಿ ಸೈಟು ನಂಬರುಗಳನ್ನು ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬೇಕು. ಬೇಸರದ ಕೆಲಸ, ಆದರೆ ಫಲ ಕೊಡುತ್ತದೆ. ಬ್ರೋಷರ್‌ನಲ್ಲಿ ಮೂಲೆಯ 30×40 ಆಗಿ ಮಾರಿದ ಸೈಟಿನ ಜಾಗ ಅನುಮೋದಿತ ನಕ್ಷೆಯಲ್ಲಿ ಉದ್ಯಾನವನದ ಅಂಚಿಗೆ ಸೇರಿತ್ತು. ಆ ನಂಬರೇ ಅಲ್ಲಿರಲಿಲ್ಲ. ಪಾರ್ಕು, ನಾಗರಿಕ ಸೌಲಭ್ಯದ ಜಾಗ, ನಾಲೆಯ ಬದಿಯ ‘ಬಿ’ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ), ಇವೇ ಸೈಟಾಗುವ ಮಾಮೂಲಿ ಜಾಗಗಳು.

ಇನ್ನೊಂದು ನಮ್ಮ ಕಡೆಯದೇ ತಮಾಷೆ. ಬಳ್ಳಾರಿ ಹಳೆಯ ಮದ್ರಾಸ್ ಪ್ರಾಂತ್ಯದ ಜಿಲ್ಲೆ, ಇಲ್ಲಿಯ ಪಹಣಿಯಲ್ಲಿ ಎಕರೆ ಮತ್ತು ಸೆಂಟ್. ರಾಯಚೂರು, ಕೊಪ್ಪಳ ನಿಜಾಮರ ಕಡೆಯವು, ಅಲ್ಲಿ ಎಕರೆ ಮತ್ತು ಗುಂಟೆ. ಪಹಣಿಯಲ್ಲಿ 2-20 ಎಂದಿದ್ದರೆ ಬಳ್ಳಾರಿಯಲ್ಲಿ ಅದು 95,832 ಚದರ ಅಡಿ. ಅದನ್ನೇ ಗುಂಟೆ ಎಂದು ಓದಿ ನಕ್ಷೆ ಬರೆದರೆ 1,08,900 ಚದರ ಅಡಿ. ವ್ಯತ್ಯಾಸ 13,068 ಚದರ ಅಡಿ, ಅಂದರೆ ಹೆಚ್ಚುಕಮ್ಮಿ ಹನ್ನೊಂದು 30×40 ಸೈಟು, ನೆಲದ ಮೇಲೆ ಇಲ್ಲದವು. ಹೊರಗಿನಿಂದ ಬಂದ ಕಂಪನಿಯ ಸರ್ವೇಯರ್ ಹೀಗೆ ಎಡವಿದ್ದೇ ಆದರೂ, ಪೋಡಿ ಸ್ಕೆಚ್ (ಜಮೀನು ಭಾಗ ಮಾಡಿದ ಅಳತೆ ನಕ್ಷೆ) ಮತ್ತು ಭೂಪರಿವರ್ತನೆ ಆದೇಶ ನಿರ್ದೇಶಕರ ಸಹಿಯ ಅರ್ಜಿಯ ಮೇಲೇ ಆಗಿದ್ದರೆ ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಬೆಲೆ ಇಲ್ಲ.

ಈಗ ಪಹಣಿಯ ಕಲಂ 9, ಅಂದರೆ ಜಮೀನಿನ ಮಾಲೀಕರ ಹೆಸರಿರುವ ಅಂಕಣ. ಇಡೀ ಕಡತದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋಗುವ ತನಕ ಕರ್ನಾಟಕ ಭೂಸುಧಾರಣಾ ಕಾಯ್ದೆಯಡಿ ಕಂಪನಿಯೊಂದು ಸಾಮಾನ್ಯವಾಗಿ ತನ್ನ ಹೆಸರಿನಲ್ಲಿ ಕೃಷಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಹಾಗಾಗಿ ರೈತ ಕುಟುಂಬದ ಒಬ್ಬ ನಿರ್ದೇಶಕನ ಹೆಸರಿನಲ್ಲಿ, ಇಲ್ಲವೇ ಅವನ ಅಣ್ಣನ, ಮಾವನ ಹೆಸರಿನಲ್ಲಿ ಜಮೀನು ಕೊಂಡು, ಅವನಿಂದ ಕಂಪನಿಗೆ ಅಭಿವೃದ್ಧಿ ಕರಾರು ಬರೆಸಿಕೊಂಡು, ಕಂಪನಿಯ ಹೆಸರಿನಲ್ಲಿ ಸೈಟು ಮಾರುವುದು ರೂಢಿಯಾಯಿತು. ಕಾನೂನು ದಾಟಲು ಮಾಡಿದ ಈ ಉಪಾಯವೇ ಅವರಿಗೆ ಉರುಳು. ರೇರಾ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆ ಪ್ರಕಾರ ಸೈಟು ಅಭಿವೃದ್ಧಿ ಮಾಡುವವರು, ಮಾರುವವರು ಬೇರೆ ಬೇರೆಯಾದರೆ ಇಬ್ಬರೂ ಪ್ರವರ್ತಕರೇ, ಇಬ್ಬರಿಗೂ ಜಂಟಿ ಹೊಣೆ. ಪಹಣಿಯ ಕಲಂ 9ರಲ್ಲಿ ಹೆಸರಿರುವ ನಿರ್ದೇಶಕನನ್ನು ಆಗ ‘ಕಂಪನಿಯ ನಿರ್ದೇಶಕ’ ಎಂದು ಎಳೆತರಬೇಕಿಲ್ಲ, ಕಂಪನಿಯ ಪರದೆ ಹರಿಯುವ ವಾದವೂ ಬೇಡ. ಭೂಮಾಲೀಕ, ಪ್ರವರ್ತಕ ಎಂದೇ ಅವನನ್ನು ನಿಲ್ಲಿಸಬಹುದು. ನಮ್ಮ ದೂರಿನಲ್ಲಿ ಒಬ್ಬರನ್ನು ಎರಡು ಸಲ ಹೆಸರಿಸಿದ್ದು ಇದಕ್ಕೇ: ನಿರ್ದೇಶಕರಾಗಿ ಒಮ್ಮೆ, ಭೂಮಾಲೀಕರಾಗಿ ಒಮ್ಮೆ.

ಪಹಣಿಯ ಕಲಂ 11ರಲ್ಲಿ ಬ್ಯಾಂಕಿನ ಬೋಜಾ, ಕೋರ್ಟಿನ ತಡೆ ಇದೆಯೇ ನೋಡಬೇಕು. ಇ.ಸಿ.ಯನ್ನು (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ತೆಗೆಸುವಾಗ ಸರ್ವೆ ನಂಬರಿನ ಹಿಸ್ಸಾ ಬದಲಾಗಿದ್ದರೆ ಹಳೆಯ ನಂಬರಿಗೂ ಬೇರೆಯಾಗಿ ತೆಗೆಸದಿದ್ದರೆ ಅರ್ಧ ಚರಿತ್ರೆ ತಪ್ಪಿಹೋಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದರ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. 2023ರ ತಿದ್ದುಪಡಿಯ ನಂತರ ಜಮೀನು ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಇ.ಸಿ. ಎಷ್ಟೇ ಚೊಕ್ಕಟವಾಗಿದ್ದರೂ ಇದು ಅದರಲ್ಲಿ ಕಾಣುವುದಿಲ್ಲ, ಮಂಜೂರಾತಿ ಕಡತ ತೆಗೆಸಿಯೇ ನೋಡಬೇಕು. ಇಂಥ ಹಕ್ಕಿನ ದೋಷಕ್ಕೆ ರೇರಾದ 18(2) ಇದೆ. ಅದರಡಿ ಪರಿಹಾರ ಕೇಳಲು ಕಾಲಮಿತಿ ಅಡ್ಡಿಯಾಗದು.

ಆಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣ. ನಿರ್ದೇಶಕರ ಹೆಸರು, ಅವರ ಡಿನ್ (ನಿರ್ದೇಶಕರ ಗುರುತಿನ) ಸಂಖ್ಯೆ, ನೇಮಕವಾದ ತಾರೀಕು ಪುಕ್ಕಟೆ ಸಿಗುತ್ತವೆ. ₹100 ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಕಾಗದಗಳನ್ನೆಲ್ಲ ಕೆಲ ಗಂಟೆ ನೋಡಬಹುದು. ನೋಡುತ್ತಾ ಕೂರದೆ ಎಲ್ಲವನ್ನೂ ಇಳಿಸಿಕೊಳ್ಳಬೇಕು. ನಮಗೆ ಬೇಕಾದದ್ದು ಡಿಐಆರ್-12, ಅಂದರೆ ನಿರ್ದೇಶಕ ಬಂದ, ಹೋದ ವರದಿ. ಸಿಎಚ್‌ಜಿ-1, ಆಸ್ತಿ ಅಡವಿಟ್ಟ ವರದಿ. ವಾರ್ಷಿಕ ವರದಿ ಮತ್ತು ಲೆಕ್ಕಪತ್ರ.

ಡಿಐಆರ್-12 ಒಂದನ್ನು ಹತ್ತಿರದಿಂದ ನೋಡೋಣ. ‘ಈ ನಿರ್ದೇಶಕರು ಮಾರ್ಚ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು, ನಿಮ್ಮ ಕರಾರು ಜೂನ್‌ನದು, ಅವರಿಗೇನು ಸಂಬಂಧ’ ಎಂದು ಎದುರಿನ ವಕೀಲರು ಕೇಳುತ್ತಾರೆ. ರಾಜೀನಾಮೆ ಪತ್ರದಲ್ಲಿ ಮಾರ್ಚ್ ಎಂದೇ ಇರುತ್ತದೆ. ಆದರೆ ಫಾರ್ಮಿನ ಎಸ್‌ಆರ್‌ಎನ್ ಸಂಖ್ಯೆ (ಸಲ್ಲಿಸಿದಾಗ ಸಿಗುವ ಕೋರಿಕೆ ಸಂಖ್ಯೆ) ಹುಟ್ಟಿದ ತಾರೀಕು ನೋಡಿದರೆ ನವೆಂಬರ್! ಸಲ್ಲಿಸಲು ಇದ್ದ ಗಡುವು 30 ದಿನ. ಜೂನ್‌ನ ರಸೀದಿಯಲ್ಲಿ ಅದೇ ನಿರ್ದೇಶಕರ ಸಹಿ ಬೇರೆ. ಹಿಂದಿನ ತಾರೀಕು ಹಾಕಿದ ರಾಜೀನಾಮೆಯನ್ನು ಬೀಳಿಸಲು ಈ ಎರಡು ಹಾಳೆ ಸಾಕು. ರಾಜೀನಾಮೆ ನಿಜವೇ ಆಗಿದ್ದರೂ ಕಂಪನಿ ಕಾಯ್ದೆ 2013ರ 168(2) ಪ್ರಕಾರ ತನ್ನ ಅವಧಿಯಲ್ಲಿ ನಡೆದ ಅಪರಾಧಕ್ಕೆ ಅವನೇ ಉತ್ತರ ಕೊಡಬೇಕು. ಕಂಪನಿಯ ಹೆಸರನ್ನೇ ರಿಜಿಸ್ಟರಿನಿಂದ ತೆಗೆಸಿಕೊಂಡರೂ ನಿರ್ದೇಶಕರ ಹೊಣೆ ಮುಂದುವರಿಯುತ್ತದೆ ಎಂದು 248(7) ಹೇಳುತ್ತದೆ.

ಹಾಗೆಂದು ಪಟ್ಟಿಯಲ್ಲಿರುವ ಎಲ್ಲರನ್ನೂ ಆರೋಪಿ ಮಾಡುವ ಉತ್ಸಾಹ ಬೇಡ. ಡ್ರೈವರು, ವಯಸ್ಸಾದ ತಾಯಿ, ಓದುತ್ತಿರುವ ಮಗಳು, ಹೀಗೆ ಹೆಸರಿಗೆ ನಿರ್ದೇಶಕರಾದವರು ಇರುತ್ತಾರೆ. ಅವರ ಪಾತ್ರವೇನೆಂದು ಒಂದು ವಾಕ್ಯ ಬರೆಯಲಾಗದಿದ್ದರೆ ಹೈಕೋರ್ಟಿನಲ್ಲಿ ಅವರ ಮೇಲಿನ ಪ್ರಕರಣ ರದ್ದಾಗುತ್ತದೆ. ಅವರ ಅರ್ಜಿಯ ಮೇಲೆ ಇಡೀ ತನಿಖೆಗೇ ತಡೆ ಬಂದರೆ ಮುಖ್ಯ ಆರೋಪಿಗೂ ಪುಕ್ಕಟೆ ಸಮಯ ಸಿಕ್ಕಂತೆ. ಬಳ್ಳಾರಿ, ಕೊಪ್ಪಳದವರಿಗೆ ಅದು ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಓಡಾಟದ ಖರ್ಚು ನಮ್ಮದೇ. 2015ರ ಸುನಿಲ್ ಭಾರ್ತಿ ಮಿತ್ತಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ನಿರ್ದೇಶಕ ಎಂಬ ಹಣೆಪಟ್ಟಿ ಸಾಲದು, ಅಪರಾಧದಲ್ಲಿ ಅವನ ಸಕ್ರಿಯ ಪಾತ್ರ, ದುರುದ್ದೇಶ ತೋರಿಸಬೇಕು, ಇಲ್ಲವೇ ಕಾಯ್ದೆಯೇ ಅವನನ್ನು ಹೊಣೆ ಮಾಡಿರಬೇಕು. ಸ್ವತಂತ್ರ ನಿರ್ದೇಶಕರಾದರೆ ಕಂಪನಿ ಕಾಯ್ದೆಯ 149(12)ರ ರಕ್ಷಣೆಯೂ ಇದೆ. ಬೋರ್ಡಿನ ಮುಂದೆ ಬಂದು ಅವರಿಗೆ ಗೊತ್ತಾದ, ಅವರು ಒಪ್ಪಿದ ಅಥವಾ ಉಪೇಕ್ಷೆ ಮಾಡಿದ ವಿಷಯಕ್ಕೆ ಮಾತ್ರ ಅವರು ಬಾಧ್ಯರು.

ಹಣದ ದಾರಿ ಹಿಡಿಯುವುದು ಬೇಗ ಮುಗಿಯಿತು. ಪ್ರತಿ ಕಂತಿಗೂ ಒಂದು ಸಾಲು: ತಾರೀಕು, ಮೊತ್ತ, ಯಾವ ಖಾತೆಗೆ, ಯುಟಿಆರ್ (ಬ್ಯಾಂಕ್ ವರ್ಗಾವಣೆಯ) ಸಂಖ್ಯೆ, ರಸೀದಿಗೆ ಸಹಿ ಮಾಡಿದವರು. ಕಂಪನಿಯ ಖಾತೆಗೆ ಬಿದ್ದದ್ದು ಕಂಪನಿಯದ್ದು. ನಿರ್ದೇಶಕರ ಸ್ವಂತ ಖಾತೆಗೋ ಅವರ ಹೆಂಡತಿಯ ಖಾತೆಗೋ ‘ಟ್ಯಾಕ್ಸ್ ಕಾರಣಕ್ಕೆ ಇದಕ್ಕೆ ಹಾಕ್ರಿ’ ಎಂದು ಹಾಕಿಸಿಕೊಂಡದ್ದು ಅವರವರದ್ದೇ. ಆ ಸಾಲುಗಳಿಗೆ ಕೆಂಪು ಗೆರೆ. ರೇರಾ ಯೋಜನೆಯಲ್ಲಿ ಕೊಂಡವರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಗೆ ಹೋಗಬೇಕು, ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಈ ಎರಡು ಉಲ್ಲಂಘನೆ ಪಟ್ಟಿಯಲ್ಲೇ ಕಾಣುತ್ತವೆ. ನಗದು ಕೊಟ್ಟವರು ಹೆದರಿ ಆ ಭಾಗವನ್ನೇ ಬಿಟ್ಟುಬಿಡುತ್ತಾರೆ. ಸ್ಥಿರಾಸ್ತಿಯ ಮುಂಗಡವಾಗಿ ₹20,000 ಅಥವಾ ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಂಡದ್ದಕ್ಕೆ 2026ರ ಏಪ್ರಿಲ್ 1ಕ್ಕೆ ಮುಂಚಿನ ವ್ಯವಹಾರವಾದರೆ ಆದಾಯ ತೆರಿಗೆ ಕಾಯ್ದೆ 1961ರ 269ಎಸ್‌ಎಸ್ ಮೀರಿದ ದಂಡ ಬೀಳುವುದು ಪಡೆದವನಿಗೆ. ರಸೀದಿ ಇದ್ದರೆ ಬರೆಯಬೇಕು, ಇಲ್ಲದಿದ್ದರೆ ವಾಟ್ಸಾಪ್ ಮಾತುಕತೆ ಹುಡುಕಬೇಕು. ವಾಟ್ಸಾಪ್, ವಿಡಿಯೊ, ಫೋನ್ ರೆಕಾರ್ಡಿಂಗ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ: ಮೊದಲನೆಯದು ಫೋನಿನ ಯಜಮಾನನದು, ಎರಡನೆಯದು ತಜ್ಞನದು, ಹ್ಯಾಶ್ ಮೌಲ್ಯ (ಕಡತದ ಡಿಜಿಟಲ್ ಬೆರಳಚ್ಚು) ಸಹಿತ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ನಕಲು ಮಾಡಿ ಕೊಡುವವರು ಈಗಲೂ ಇದ್ದಾರೆ.

ಎಲ್ಲಿಗೆ ಹೋಗುವುದು? ಇದಕ್ಕೆ ಒಂದೇ ಉತ್ತರ ಇಲ್ಲ. ಗ್ರಾಹಕ ಆಯೋಗ, ರೇರಾ ಎರಡೂ ದಾರಿ ತೆರೆದಿವೆ ಎಂದು 2020ರ ಇಂಪೀರಿಯಾ ತೀರ್ಪು ಹೇಳಿದೆ. ಒಂದೇ ಬೇಡಿಕೆಗೆ ಎರಡೂ ಕಡೆ ಅಲೆಯುವುದು ಮಾತ್ರ ಸಲ್ಲದು. ಕೊಟ್ಟ ಹಣ ₹50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಕಂಪನಿ ಬೆಂಗಳೂರಿನದಿರಲಿ, ಹೈದರಾಬಾದಿನದಿರಲಿ, ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ ₹200, 20 ಲಕ್ಷದವರೆಗೆ ₹400, 50 ಲಕ್ಷದವರೆಗೆ ₹1,000. ಎರಡು ತೊಡಕು ಇವೆ. ಬರೀ ಖಾಲಿ ಸೈಟು ಮಾರಿದ್ದು ಸೇವೆ ಅಲ್ಲ; ರಸ್ತೆ, ಚರಂಡಿ, ಕರೆಂಟು ಮಾಡಿಕೊಡುವ ಮಾತು ಕೊಟ್ಟು ಬಡಾವಣೆ ಮಾರಿದ್ದರೆ ಸೇವೆ ಎಂದು 2012ರ ನಾರ್ನೆ ತೀರ್ಪಿನಲ್ಲಿದೆ, ಹಾಗಾಗಿ ಸೌಲಭ್ಯಗಳ ಭರವಸೆಯನ್ನು ದೂರಿನಲ್ಲಿ ಎತ್ತಿ ಬರೆಯಬೇಕು. ಇನ್ನೊಂದು, ನಾಲ್ಕೈದು ಸೈಟು ಒಟ್ಟಿಗೆ ಹಿಡಿದವರನ್ನು ‘ವ್ಯಾಪಾರಕ್ಕೆ ಕೊಂಡವರು, ಗ್ರಾಹಕರಲ್ಲ’ ಎಂದು ಎದುರುಪಕ್ಷ ಹೊರಗೆ ಹಾಕಿಸಲು ನೋಡುತ್ತದೆ. ಅಂಥವರು ರೇರಾಕ್ಕೆ ಹೋಗುವುದೇ ಮೇಲು, ಅಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಗ್ರಾಹಕ ದೂರಿಗೆ ಎರಡು ವರ್ಷದ ಗಡುವಿದೆ. ಸೈಟೇ ಕೊಡದಿದ್ದರೆ ಕಾರಣ ಮುಂದುವರಿಯುತ್ತಿದೆ ಎನ್ನಬಹುದು, ಆದರೆ ‘ಹಣ ಕೊಡಲ್ಲ, ಏನ್ ಮಾಡ್ಕೋತೀರೋ ಮಾಡ್ಕೋರಿ’ ಎಂಬ ಪತ್ರ ಬಂದಿದ್ದರೆ ಆ ದಿನದಿಂದ ಎಣಿಸಿಕೊಂಡೇ ನಡೆಯುವುದು ಕ್ಷೇಮ.

ರೇರಾದಲ್ಲಿ ಹಣ ವಾಪಸಿಗೆ, ಬಡ್ಡಿಗೆ ನಮೂನೆ ಎನ್. ಪರಿಹಾರಕ್ಕೆ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ನಮೂನೆ ಓ. 2021ರ ನ್ಯೂಟೆಕ್ ತೀರ್ಪು ಈ ಗಡಿ ಹಾಕಿತು. ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಿದರೆ ಪರಿಹಾರದ ಭಾಗ ಹಾಗೇ ಬಿದ್ದುಹೋಗುತ್ತದೆ. ಬಡ್ಡಿ ದರ ಎಸ್‌ಬಿಐನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಬ್ಯಾಂಕಿನ ಸಾಲದ ಮೂಲ ದರ) ಮೇಲೆ ಶೇ. 2. ನಿರ್ದೇಶಕರ ಹೊಣೆ ಹೇಳುವ ರೇರಾದ 69ನೇ ಕಲಂ ತೋರಿಸಿ ಹಣ ಕೇಳುವುದು ಸಾಮಾನ್ಯ ತಪ್ಪು. ಅದು ಅಪರಾಧಗಳಿಗೆ, ಶಿಕ್ಷೆಗೆ ಸಂಬಂಧಿಸಿದ್ದು. ಅದರ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯುವುದೂ ಪ್ರಾಧಿಕಾರದ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಹಣಕ್ಕೆ ಹಿಡಿಯಬೇಕಾದದ್ದು ಪ್ರವರ್ತಕ ಎಂಬ ವ್ಯಾಖ್ಯೆಯನ್ನು.

ಎರಡನೇ ಕರಡಿನಲ್ಲಿ ಎದುರುದಾರರು ನಾಲ್ವರು. ಒಂದನೆಯದು ಕಂಪನಿ, ಅದನ್ನು ಬಿಟ್ಟು ನಿರ್ದೇಶಕರ ಮೇಲಷ್ಟೇ ಹೋದರೂ ಕೆಡುತ್ತದೆ. ಎರಡು, ಕರಾರಿಗೆ ಸಹಿ ಮಾಡಿದ ವ್ಯವಸ್ಥಾಪಕ ನಿರ್ದೇಶಕರು. ಮೂರು, ತಮ್ಮ ಖಾತೆಗೆ ಹಣ ಹಾಕಿಸಿಕೊಂಡ ನಿರ್ದೇಶಕರು. ನಾಲ್ಕು, ಪಹಣಿಯಲ್ಲಿ ಹೆಸರಿದ್ದ ಆ ಭೂಮಾಲೀಕರು. ಪ್ರತಿಯೊಬ್ಬರಿಗೂ ಒಂದು ಪ್ರತ್ಯೇಕ ಪ್ಯಾರಾ: ಯಾವ ತಾರೀಕು, ಎಲ್ಲಿ, ಏನು ಹೇಳಿದರು, ಯಾವ ಕಾಗದಕ್ಕೆ ಸಹಿ ಹಾಕಿದರು, ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ಅನುಬಂಧ ಸಂಖ್ಯೆ. ‘ಎಲ್ಲ ಎದುರುದಾರರೂ ಸೇರಿ ಮೋಸ ಮಾಡಿದ್ದಾರೆ’ ಎಂಬ ಒಂದೇ ಸಾಲು ಬರೆದು ಬಿಡುವುದು ಇಂಥ ದೂರುಗಳ ದೊಡ್ಡ ರೋಗ. ಬೇಡಿಕೆಯಲ್ಲಿ ‘1ರಿಂದ 4ನೇ ಎದುರುದಾರರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಪಾವತಿಸಬೇಕು’ ಎಂಬ ಮಾತು ಅಕ್ಷರಶಃ ಇರಬೇಕು. ಅದರ ಜೊತೆಗೇ ಗ್ರಾಹಕ ಸಂರಕ್ಷಣಾ ಕಾಯ್ದೆಯ 38(8)ರಡಿ ಮಧ್ಯಂತರ ಅರ್ಜಿ, ವ್ಯಾಜ್ಯ ಮುಗಿಯುವ ತನಕ ಉಳಿದ ಸೈಟುಗಳನ್ನು ಪರಭಾರೆ ಮಾಡದಂತೆ. ನೋಟಿಸು ತಲುಪಿದ ಮೇಲೆ ಎದುರುದಾರರಿಗೆ ತಕರಾರು ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ಅದರಾಚೆ ಆಯೋಗವೂ ಅವಕಾಶ ಕೊಡುವಂತಿಲ್ಲ ಎಂದು 2020ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 46ನೇ ದಿನ ಅದನ್ನು ನೆನಪಿಸುವ ಮೆಮೊ ಹಾಕಬೇಕಾದವರು ನಾವೇ.

ಪೊಲೀಸ್ ಠಾಣೆಯಲ್ಲಿ ಕೇಳಿದ ಮೊದಲ ಮಾತು ಎಲ್ಲರಿಗೂ ಗೊತ್ತಿರುವುದೇ: ‘ಇದು ಸಿವಿಲ್ ಮ್ಯಾಟ್ರು ರೀ, ಕೋರ್ಟಿಗೆ ಹೋಗ್ರಿ.’ ಅವರ ಮಾತಿನಲ್ಲೂ ಅರ್ಧ ಸತ್ಯವಿದೆ. ಮಾತು ಕೊಡುವಾಗಲೇ ಮೋಸದ ಉದ್ದೇಶ ಇದ್ದರೆ ವಂಚನೆ. ಆಮೇಲೆ ಕೈಲಾಗದೆ ತಪ್ಪಿದರೆ ಕರಾರು ಉಲ್ಲಂಘನೆ ಮಾತ್ರ. ಆದ್ದರಿಂದ ಠಾಣೆಗೆ ಕೊಟ್ಟ ದೂರು ಎರಡೇ ಪುಟ, ಅದರಲ್ಲಿ ಮೊದಲ ಪುಟ ಪೂರ್ತಿ ತಾರೀಕುಗಳ ಪಟ್ಟಿ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಕ್ಕೆ ಐಪಿಸಿ 420, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆ 318(4). ಎರಡರಲ್ಲೂ ಏಳು ವರ್ಷದವರೆಗೆ ಶಿಕ್ಷೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ, ಆ ರಸೀದಿ ಮತ್ತು ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 175(3)ರಡಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಎಸ್‌ಪಿ ಹಂತ ಹಾರಿಸಿದರೆ ಅರ್ಜಿ ಅಲ್ಲೇ ವಾಪಸು. ಕಂಪನಿ ಕಾಯ್ದೆಯ 447ನೇ ಕಲಂ ವಂಚನೆಗೆ ಹತ್ತು ವರ್ಷ ಎಂದು ಓದಿ ಅದನ್ನೂ ಸೇರಿಸಿ ಎನ್ನುವವರಿದ್ದಾರೆ. ಅದರ ಮೇಲೆ ಖಾಸಗಿ ವ್ಯಕ್ತಿಯ ದೂರನ್ನು ನ್ಯಾಯಾಲಯ ಪರಿಗಣಿಸುವುದಿಲ್ಲ, ಕೇಂದ್ರದ ಅಧಿಕಾರಿಗಳೇ ಕೊಡಬೇಕು.

ರಾಜಿಯ ಹೆಸರಿನಲ್ಲಿ ಕಂಪನಿ ಚೆಕ್ ಕೊಟ್ಟರೆ ಅದು ಒಂದು ಲೆಕ್ಕದಲ್ಲಿ ವರ. ಚೆಕ್ ಬೌನ್ಸ್ ಕಾನೂನಿನ 141ನೇ ಕಲಂ ನಿರ್ದೇಶಕರನ್ನು ನೇರವಾಗಿ ಹಿಡಿಯುತ್ತದೆ: ಸಹಿ ಮಾಡಿದವರು, ವ್ಯವಸ್ಥಾಪಕ ನಿರ್ದೇಶಕರು ತಮ್ಮ ಸ್ಥಾನದಿಂದಲೇ ಬಾಧ್ಯರು, ಉಳಿದವರು ‘ಆ ಸಮಯದಲ್ಲಿ ಕಂಪನಿಯ ವ್ಯವಹಾರದ ಹೊಣೆ ಹೊತ್ತಿದ್ದರು’ ಎಂದು ದೂರಿನಲ್ಲಿ ಬರೆಯಬೇಕು. ದಿನಗಳ ಲೆಕ್ಕ ತಪ್ಪಬಾರದು. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ತಲುಪಿದ ಮೇಲೆ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ದೂರು. ನೋಟಿಸು, ದೂರು ಎರಡರಲ್ಲೂ ಕಂಪನಿಯ ಹೆಸರು ಇರಲೇಬೇಕು. 2012ರ ಅನಿತಾ ಹಾಡಾ ತೀರ್ಪಿನ ನಂತರ ಕಂಪನಿಯನ್ನು ಆರೋಪಿ ಮಾಡದ ಪ್ರಕರಣ ನಿಲ್ಲುವುದಿಲ್ಲ. ಚೆಕ್ಕನ್ನು ಬಳ್ಳಾರಿಯ ನಮ್ಮ ಶಾಖೆಯ ಖಾತೆಗೆ ಹಾಕಿದ್ದರಿಂದ ಪ್ರಕರಣವೂ ಬಳ್ಳಾರಿಯಲ್ಲೇ. ಕಂಪನಿ ದಿವಾಳಿ ನ್ಯಾಯಮಂಡಳಿಗೆ ಹೋದರೆ ಕಂಪನಿಯ ಮೇಲಿನ ಚೆಕ್ ಪ್ರಕರಣ ನಿಲ್ಲುತ್ತದೆ, ನಿರ್ದೇಶಕರ ಮೇಲಿನದು ನಡೆಯುತ್ತದೆ. ಇದು 2021ರ ಮೋಹನ್‌ರಾಜ್ ತೀರ್ಪು. ದಿವಾಳಿ ಪ್ರಕಟಣೆ ಪತ್ರಿಕೆಯಲ್ಲಿ ಕಂಡ ದಿನವೇ ಹಣದ ಕ್ಲೇಮನ್ನು ನಮೂನೆ ಸಿಎಯಲ್ಲಿ ಹಾಕಿಬಿಡಬೇಕು, ವ್ಯಾಜ್ಯ ಎಲ್ಲೇ ನಡೆಯುತ್ತಿರಲಿ.

ಆದೇಶದ ದೃಢೀಕೃತ ಪ್ರತಿ ಕೈಗೆ ಬಂದಾಗ ಮೊತ್ತ ನೋಡಿ ಖುಷಿಪಡುವ ಮೊದಲು ಕೊನೆಯ ಪ್ಯಾರಾ ಓದಬೇಕು. ತೀರ್ಪಿನ ಒಡಲಲ್ಲಿ ನಿರ್ದೇಶಕರ ತಪ್ಪು ಸಾಬೀತಾಗಿದ್ದು, ಆದೇಶದ ಸಾಲಿನಲ್ಲಿ ಬರೀ ‘ಎದುರುದಾರರು’ ಎಂದೋ ‘1ನೇ ಎದುರುದಾರರು’ ಎಂದೋ ಬಂದಿರುವುದುಂಟು. ಮೇಲ್ನೋಟಕ್ಕೇ ಕಾಣುವ ದೋಷವಾದರೆ 30 ದಿನದೊಳಗೆ ಅದೇ ಆಯೋಗದಲ್ಲಿ ಪುನರ್‌ಪರಿಶೀಲನೆ, ಇಲ್ಲವಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಈ ಗಡುವು ದಾಟಿದ ಮೇಲೆ ಅನ್ಸಲ್ ಕ್ರೌನ್‌ನಲ್ಲಿ ಕೊಂಡವರ ಗತಿಯೇ. ಎದುರುದಾರರು ಮೇಲ್ಮನವಿ ಹೋಗಬೇಕಾದರೆ ಆದೇಶದ ಅರ್ಧ ಹಣ ಠೇವಣಿ ಇಡಬೇಕು. ರೇರಾ ಆದೇಶವಾದರೆ ಪ್ರವರ್ತಕರು ಪೂರ್ತಿ ಹಣವನ್ನೇ ಇಡಬೇಕು.

ರೇರಾದ ವಸೂಲಾತಿ ಪತ್ರ ಜಿಲ್ಲಾಧಿಕಾರಿಗೆ ಹೋಗಿ ಅಲ್ಲಿಂದ ತಹಶೀಲ್ದಾರರ ಮೇಜಿಗೆ ಬರುತ್ತದೆ, ಭೂಕಂದಾಯ ಬಾಕಿಯಂತೆ ವಸೂಲು ಮಾಡಲು. ಕಂಪನಿಯ ವಿಳಾಸ ಬೆಂಗಳೂರಿನದಾದರೆ ಪತ್ರ ಅಲ್ಲಿಗೇ ಹೋಗಿ ಕೂರುತ್ತದೆ. ಆಸ್ತಿ ಬಳ್ಳಾರಿ ತಾಲೂಕಿನಲ್ಲಿದೆ ಎಂದು ಪಹಣಿ ಸಹಿತ ಪ್ರಾಧಿಕಾರಕ್ಕೆ ತಿಳಿಸಿ ಇಲ್ಲಿಗೆ ಕಳಿಸುವಂತೆ ಕೇಳಬೇಕು. ಆಸ್ತಿ ಹುಡುಕಿ ಕೊಡುವ ಕೆಲಸ ಕಂದಾಯ ನಿರೀಕ್ಷಕರು ಮಾಡುತ್ತಾರೆಂದು ಕಾದರೆ ವರ್ಷ ಉರುಳುತ್ತದೆ. ಗ್ರಾಹಕ ಆಯೋಗದಲ್ಲಿ ಎರಡು ಅರ್ಜಿ ಒಟ್ಟಿಗೆ ಹಾಕಿದೆವು: 71ರಡಿ ಜಪ್ತಿಗೆ, 72ರಡಿ ಶಿಕ್ಷೆಗೆ. 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ₹25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ವಾರಂಟು ಹೊರಟ ವಾರವೇ ಮೊದಲ ಕಂತು ಬಂತು, ಜಪ್ತಿಯಿಂದಲ್ಲ.

ಜಪ್ತಿಯ ಅರ್ಜಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 41ನೇ ನಿಯಮದಡಿ ಪ್ರತಿ ನಿರ್ದೇಶಕರಿಂದ ಆಸ್ತಿ ವಿವರದ ಅಫಿಡವಿಟ್ ಕೇಳಬಹುದು. ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆ. ಅವರು ಕೊಟ್ಟ ಪಟ್ಟಿಯನ್ನು ನಂಬದೆ ಅವರ ಮನೆಯ ಇ.ಸಿ. ಬೇರೆ ತೆಗೆಸಬೇಕು. ನಮ್ಮ ಕಡತದಲ್ಲಿ ಅದು ನಮೂನೆ 15ರಲ್ಲಿ, ಅಂದರೆ ವ್ಯವಹಾರಗಳ ಪಟ್ಟಿ ಸಹಿತ, ಬಂತು, ಕೊನೆಯ ಸಾಲು ದಾನಪತ್ರ, ಹೆಂಡತಿಯ ಹೆಸರಿಗೆ. ಸಾಲಗಾರರನ್ನು ವಂಚಿಸಲು ಮಾಡಿದ ಪರಭಾರೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ರದ್ದು ಮಾಡಿಸುತ್ತದೆ, ಅದಕ್ಕೆ ಬೇರೆ ದಾವೆ ಬೇಕು. ಆ ದಾವೆಗೆ ಮೊದಲ ಅನುಬಂಧ ಸ್ಪೀಡ್ ಪೋಸ್ಟಿನ ಟ್ರ್ಯಾಕಿಂಗ್ ಹಾಳೆ. ಅಂಚೆಯ ಜಾಲತಾಣದಲ್ಲಿ ಅದು ಬಹಳ ದಿನ ಉಳಿಯುವುದಿಲ್ಲ, ತಲುಪಿದ ದಿನವೇ ಮುದ್ರಿಸಿಟ್ಟಿರಬೇಕು. ನಮ್ಮ ನೋಟಿಸು ತಲುಪಿದ್ದು ಸೋಮವಾರ. ದಾನಪತ್ರ ನೋಂದಣಿಯಾದದ್ದು ಅದೇ ಗುರುವಾರ.